ಕಸದ ಡ್ರಮ್ಮಿನ ಪಕ್ಕದ ಒಂಟಿ ಸ್ಕೀ

‘ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು’ ಎಂಬ ಬೋರ್ಡು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಒಳಗೆ ಬರುವಾಗ ಕೈಗೆ ಪಟ್ಟಿ ಕಟ್ಟುತ್ತಾರೆ, ಬ್ಯಾಗಿನಲ್ಲಿ ತಿಂಡಿ ಇದೆಯೇ ಎಂದು ಇಣುಕುತ್ತಾರೆ, ಕಾರು ಎಲ್ಲಿ ನಿಲ್ಲಿಸಬೇಕು, ಚಪ್ಪಲಿ ಎಲ್ಲಿ ಕೊಡವಬೇಕು ಎಂದು ಪಾಠ ಮಾಡುತ್ತಾರೆ. ಅಷ್ಟೆಲ್ಲ ಯಜಮಾನಿಕೆ ಮಾಡಿದವರು, ಒಂದು ಸಾಮಾನು ಕಾಣೆಯಾದ ಕೂಡಲೇ ಗೋಡೆಯ ಮೇಲಿನ ಬೋರ್ಡಿಗೆ ಬೆರಳು ತೋರಿಸಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಈ ಬರಹದಲ್ಲಿ ನಾನು ಬೈಯಬೇಕಾದವರಲ್ಲಿ ಆ ಬೋರ್ಡು ಹಾಕಿದವರು ಎರಡನೆಯವರು. ಮೊದಲನೆಯವಳು ನಾನೇ. ನಾನು ಹೇಳಿದ ಒಂದು ಸುಳ್ಳಿನಿಂದ ಒಬ್ಬ ಮನುಷ್ಯನ ಕೆಲಸ ಹೋಗುವುದರಲ್ಲಿತ್ತು.

ಶುರುವಾದದ್ದು ನಮ್ಮ ಆಫೀಸಿನ ಆಸ್ಟ್ರಿಯಾದ ಎಂಜಿನಿಯರನಿಂದ. ನಾನು ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಪತ್ರ ವ್ಯವಹಾರ ನೋಡಿಕೊಳ್ಳುವವಳು. ಆ ಮನುಷ್ಯ ಕೆಲಸ ಮುಗಿಸಿ ಊರಿಗೆ ಹೊರಟಾಗ, ಇಲ್ಲಿಂದ ಹೊರಡುವ ಎಲ್ಲರ ಹಾಗೆ ಮನೆಯ ಸಾಮಾನನ್ನೆಲ್ಲ ಹಂಚಿದ. ಮಿಕ್ಸರ್ ಒಬ್ಬರಿಗೆ, ಮೀನಿನ ತೊಟ್ಟಿ ಇನ್ನೊಬ್ಬರಿಗೆ. ನಾನು ಆ ದಿನ ಮೀಟಿಂಗಿನಲ್ಲಿ ಸಿಕ್ಕಿಬಿದ್ದು ತಡವಾಗಿ ಹೋದೆ. ಉಳಿದಿದ್ದದ್ದು ಒಂದು ಜೊತೆ ಸ್ಕೀ, ಅಂದರೆ ಕಾಲಿಗೆ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರುವ ಎರಡು ಉದ್ದದ ಹಲಗೆ, ಅದರ ಬೂಟು, ಮತ್ತು ಒಂದು ತಂತಿಯ ಬೀಗ. ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟು ಬರುವ ಜಾತಿ ನನ್ನದಲ್ಲ, ಹೊತ್ತುಕೊಂಡು ಬಂದೆ.

ಈ ದೇಶದಲ್ಲಿ ನಮ್ಮಂಥವರ ಮನೆಗಳು ತುಂಬುವುದೇ ಹಾಗೆ. ಹೊರಡುವವರು ಕೊಟ್ಟದ್ದು ಅರ್ಧ, ಬಲದಿಯಾದವರ, ಅಂದರೆ ಮುನಿಸಿಪಾಲಿಟಿಯ, ಕಸದ ಡ್ರಮ್ಮಿನ ಪಕ್ಕದಿಂದ ತಂದದ್ದು ಅರ್ಧ. ಡ್ರಮ್ಮಿನ ಒಳಗೆ ಹಾಕಿದ್ದು ಕಸ. ಡ್ರಮ್ಮಿಗೆ ಒರಗಿಸಿ ಇಟ್ಟದ್ದು ‘ಬೇಕಾದವರು ಒಯ್ಯಿರಿ’ ಎಂದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಬಿನ್ ಒಮ್ರಾನಿನ ನಮ್ಮ ಫ್ಲ್ಯಾಟಿನ ಊಟದ ಮೇಜು ಹಾಗೆ ಬಂದದ್ದೇ. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಗಂಡನೂ ಅದನ್ನು ಎರಡು ಬೀದಿ ಆಚೆಯಿಂದ ತಲೆಯ ಮೇಲೆ ಹೊತ್ತು ತಂದೆವು. ಒಂದು ಕಾಲು ಅಲ್ಲಾಡುತ್ತದೆ, ಅಷ್ಟು ಬಿಟ್ಟರೆ ಮೇಜು ಇವತ್ತಿಗೂ ಗಟ್ಟಿ.

ಸ್ಕೀಯನ್ನು ಮೊದಲ ವರ್ಷ ನಾನು ಬಳಸಿದ್ದು ಬಾಲ್ಕನಿಯಲ್ಲಿ ಹಪ್ಪಳ ಒಣಗಿಸಲು. ಎರಡು ಕುರ್ಚಿಗಳ ಮೇಲೆ ಎರಡು ಸ್ಕೀ, ಅದರ ಮೇಲೆ ಪ್ಲಾಸ್ಟಿಕ್ ಶೀಟು. ಇಲ್ಲಿನ ಬಿಸಿಲಿಗೆ ಹಪ್ಪಳ ಮಧ್ಯಾಹ್ನದೊಳಗೆ ಗರಿಗರಿ. ಬೀಗವನ್ನು ಊರಿಗೆ ಒಯ್ಯುವ ಸೂಟ್‌ಕೇಸಿಗೆ ಹಾಕಿದೆ. ಇವು ಮರಳಿನ ಮೇಲೂ ಜಾರುತ್ತವೆ ಎಂದು ಕಂಡುಹಿಡಿದವಳು ನನ್ನ ಮಗಳು, ಆಗ ಅವಳಿಗೆ ಹದಿಮೂರು. ಮೊಬೈಲಿನಲ್ಲಿ ಯಾರೋ ಮರಳು ದಿಬ್ಬದ ಮೇಲಿನಿಂದ ಸ್ಕೀಯಲ್ಲಿ ಇಳಿಯುವುದನ್ನು ನೋಡಿ, ಹಪ್ಪಳದ ಸಮೇತ ಶೀಟನ್ನು ಎಳೆದು ಕೆಳಗಿಟ್ಟಳು. ನಾಲ್ಕು ಹಪ್ಪಳ ಮುರಿದವು. ಏಸಿ ರಿಪೇರಿ ಕೆಲಸದ ನನ್ನ ಗಂಡ ಸ್ಕ್ರೂಡ್ರೈವರ್ ಹಿಡಿದು ಬೂಟು ಕೂರುವ ಜಾಗವನ್ನು ಸರಿಮಾಡಿಕೊಟ್ಟರು. ಬೂಟು ದೊಡ್ಡದಾಗಿತ್ತು, ಮೂರು ಜೊತೆ ಕಾಲುಚೀಲ ಹಾಕಿಸಿದೆವು. ಸ್ಕೀಯ ತಳಕ್ಕೆ ಮೇಣದ ಬತ್ತಿ ತಿಕ್ಕಿದೆವು.

ಆಮೇಲೆ ಚಳಿಗಾಲದ ನಮ್ಮ ಶುಕ್ರವಾರಗಳೆಲ್ಲ ಮರಳಿಗೇ ಸಂದವು. ದೋಹಾದಿಂದ ದಕ್ಷಿಣಕ್ಕೆ ಗಂಟೆಯ ದಾರಿಯಲ್ಲಿ, ದಿಬ್ಬಗಳ ಬುಡದಲ್ಲಿ ಒಂದು ರೆಸಾರ್ಟಿದೆ. ದಿನದ ಟಿಕೆಟ್ ತೆಗೆದರೆ ನೆರಳು, ನೀರು, ಟಾಯ್ಲೆಟ್ ಎಲ್ಲ ಸಿಗುತ್ತದೆ. ಶಾಲೆಯಲ್ಲಿ ಬೆಂಚಿನ ತುದಿಯಲ್ಲಿ ಕುಳಿತು ಬಾಯಿ ಬಿಡದ ಹುಡುಗಿ, ಆ ದಿಬ್ಬದ ನೆತ್ತಿಯಿಂದ ಹೋ ಎಂದು ಕಿರುಚಿಕೊಂಡು ಇಳಿಯುತ್ತಿದ್ದಳು. ಮೊದಮೊದಲು ಬಿದ್ದೂ ಬಿದ್ದೂ ಕಿವಿ ಮೂಗಿನಲ್ಲೆಲ್ಲ ಮರಳು. ಎರಡನೇ ಚಳಿಗಾಲಕ್ಕೆ ರೆಸಾರ್ಟಿಗೆ ಬಂದ ಬಿಳಿಯರು ನಿಂತು ನೋಡುವಷ್ಟು ಚೆನ್ನಾಗಿ ಇಳಿಯತೊಡಗಿದಳು. ನನಗೆ ಹೆಮ್ಮೆಯಿಂದ ಎದೆ ಉಬ್ಬುತ್ತಿತ್ತು, ಅದನ್ನು ಮುಚ್ಚಿಡುವ ಅಭ್ಯಾಸವೂ ನನಗಿಲ್ಲ.

ಸ್ಕೀ ಕೊಡುವಾಗ ಆ ಆಸ್ಟ್ರಿಯಾದವ ಒಂದು ವಿಷಯ ಹೇಳಿದ್ದ. ಅವರ ಊರಿನ ಹಿಮದ ರೆಸಾರ್ಟುಗಳಲ್ಲಿ ಕಾಫಿ ಕುಡಿದು ಹೊರಗೆ ಬರುವಷ್ಟರಲ್ಲಿ ಸ್ಕೀ ಮಾಯವಾಗುತ್ತದಂತೆ. ಹೊಸದು ಕಂಡರೆ ಕದಿಯುವವರು ಕೆಲವರು, ತಮ್ಮದೇ ಎಂದು ತಪ್ಪಿ ಎತ್ತಿಕೊಂಡು ಹೋಗುವವರು ಇನ್ನು ಕೆಲವರು. ಅದಕ್ಕೇ ಬೀಗ, ಅದಕ್ಕೇ ಅವನು ಅಂಟಿಸಿದ್ದ ಹಳದಿ ಟೇಪು. ಬೀಗ ಮರೆತ ದಿನ ಅವನೂ ಅವನ ಗೆಳೆಯನೂ ಸ್ಕೀಗಳನ್ನು ಅದಲುಬದಲು ಮಾಡಿ, ಒಂದು ಇವನದು ಒಂದು ಅವನದು ಸೇರಿಸಿ ಇಡುತ್ತಿದ್ದರಂತೆ. ಜೋಡಿ ಇಲ್ಲದ್ದನ್ನು ಕಳ್ಳ ಮುಟ್ಟುವುದಿಲ್ಲ.

ಇದನ್ನು ಕೇಳಿ ನಾನು ಕುಣಿದಾಡಿದೆ. ಇದು ನನ್ನ ಅಮ್ಮನ ಬುದ್ಧಿಯಲ್ಲವೇ! ನಮ್ಮ ಕಡೆ ದೇವಸ್ಥಾನಕ್ಕೆ ಹೋದರೆ ಅಮ್ಮ ಒಂದು ಚಪ್ಪಲಿಯನ್ನು ಬಾಗಿಲ ಎಡಕ್ಕೆ ಬಿಟ್ಟು, ಇನ್ನೊಂದನ್ನು ಕುಂಟಿಕೊಂಡು ಹೋಗಿ ಬಾವಿಕಟ್ಟೆಯ ಹತ್ತಿರ ಬಿಡುತ್ತಿದ್ದಳು. ಒಳಗೆ ದೇವರಿಗೆ ಕೈಮುಗಿಯುವಾಗಲೂ ಯಾವುದು ಎಲ್ಲಿದೆ ಎಂಬ ಲೆಕ್ಕ ಅವಳ ತಲೆಯಲ್ಲಿರುತ್ತಿತ್ತು. ಅವಳ ಜನ್ಮದಲ್ಲಿ ಒಂದು ಚಪ್ಪಲಿ ಕಳುವಾಗಿಲ್ಲ. ನಾನೂ ಇಲ್ಲಿ ಅದನ್ನೇ ಮಾಡಿದೆ. ಊಟಕ್ಕೆ ಕುಳಿತಾಗ ಒಂದು ಸ್ಕೀ ರೆಸಾರ್ಟಿನ ಮುಂದಿನ ಸ್ಟ್ಯಾಂಡಿನಲ್ಲಿ, ಇನ್ನೊಂದು ಹಿಂದಿನ ಗೋಡೆಗೆ ಒರಗಿಸಿ. ಸ್ಟ್ಯಾಂಡಿನ ಮೇಲೆಯೇ ಆ ಬೋರ್ಡು ಇತ್ತು: ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು. ಕೆಳಗೆ ಸಣ್ಣ ಅಕ್ಷರದಲ್ಲಿ, ಸ್ಟ್ಯಾಂಡಿನಲ್ಲಿ ಇಟ್ಟದ್ದಕ್ಕೆ ಮಾತ್ರ ನಮ್ಮ ಕಾವಲು ಉಂಟು ಎಂಬ ಅರ್ಥದ ಒಂದು ಸಾಲು.

“ಅಮ್ಮಾ, ಟುಗೆದರ್ ಇಡು. ಪೀಪಲ್ ನೋಡ್ತಾರೆ” ಎಂದು ಮಗಳು ಗೋಗರೆಯುತ್ತಿದ್ದಳು.

“ನೋಡ್ಲಿ. ನೋಡಿ ಕಲೀಲಿ” ಎನ್ನುತ್ತಿದ್ದೆ.

ಹಿಂದಿನ ಗೋಡೆಯ ಪಕ್ಕದಲ್ಲಿ ಕಸದ ಡ್ರಮ್ಮುಗಳಿದ್ದವು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಬಿದ್ದಿತ್ತು. ಕಸದ ಹತ್ತಿರ ಕಳ್ಳ ಯಾಕೆ ಬರುತ್ತಾನೆ ಎಂದು ನನಗೆ ನಾನೇ ಭೇಷ್ ಹೇಳಿಕೊಂಡಿದ್ದೆ.

ಒಂದು ಶುಕ್ರವಾರ ಊಟ ಮುಗಿಸಿ ಹೋಗಿ ನೋಡಿದರೆ ಹಿಂದಿನದು ಇಲ್ಲ. ಮಗಳು ಬೂಟು ಹಾಕಿಕೊಂಡು, ಕೈಯಲ್ಲಿ ಒಂದೇ ಸ್ಕೀ ಹಿಡಿದು ನಿಂತಿದ್ದಳು. ಅಳಲಿಲ್ಲ. “ಐ ಟೋಲ್ಡ್ ಯು” ಎಂದಳು, ಅಷ್ಟೇ. ಅಳುತ್ತಿದ್ದರೆ ನಾನು ಸಮಾಧಾನ ಮಾಡುವುದರಲ್ಲೇ ಮುಳುಗಿರುತ್ತಿದ್ದೆ. ಅಳದೆ ನಿಂತವಳನ್ನು ನೋಡಿ ನನ್ನ ಸಿಟ್ಟಿಗೆ ಹೋಗಲು ಬೇರೆ ದಾರಿ ಬೇಕಾಯಿತು. ನೇರ ಮ್ಯಾನೇಜರನ ರೂಮಿಗೆ ನುಗ್ಗಿದೆ.

ಅವನು ಉತ್ತರದ ಕಡೆಯ ಹಿಂದಿಯವನು, ಮಾತು ಬೆಣ್ಣೆ. “ಎಲ್ಲಿ ಇಟ್ಟಿದ್ರಿ ಮೇಡಂ?” ಎಂದು ಕೇಳಿದ. ಆ ಒಂದು ಕ್ಷಣದಲ್ಲಿ ನನಗೆ ಬೋರ್ಡಿನ ಸಣ್ಣ ಸಾಲು ನೆನಪಾಯಿತು. ಕಸದ ಡ್ರಮ್ಮಿನ ಹತ್ತಿರ ಎಂದರೆ ಇವನು ನಗುತ್ತಾನೆ, ಬೋರ್ಡು ತೋರಿಸುತ್ತಾನೆ, ನನ್ನ ಅಮ್ಮನ ಬುದ್ಧಿವಂತಿಕೆ ಇವನ ಸಂಜೆಯ ಚಹಾಕ್ಕೆ ಜೋಕಾಗುತ್ತದೆ. “ಸ್ಟ್ಯಾಂಡಿನಲ್ಲಿ” ಎಂದೆ. “ಎರಡನ್ನೂ ಒಟ್ಟಿಗೆ.” ಬಾಗಿಲಲ್ಲಿ ನಿಂತಿದ್ದ ಮಗಳು ನನ್ನ ಮುಖವನ್ನೇ ನೋಡಿದಳು. ಸುಳ್ಳು ಸಿಕ್ಕಿಬೀಳುತ್ತದೆ ಎಂಬ ಯೋಚನೆಯೂ ಇಲ್ಲದೆ, ಸ್ಟ್ಯಾಂಡಿನ ಮೇಲಿನ ಕ್ಯಾಮೆರಾ ನೋಡಿ ಎಂದೆ, ಅದು ರಿಪೇರಿಗೆ ಹೋಗಿದೆಯಂತೆ! ಕಾವಲು ಉಂಟು ಎಂದು ಬೋರ್ಡು ಹಾಕುವುದು, ಕಾಯುವ ಕಣ್ಣನ್ನು ರಿಪೇರಿಗೆ ಕಳಿಸುವುದು. ನನ್ನ ಸುಳ್ಳು ನನಗೇ ಮರೆತುಹೋಗುವಷ್ಟು ಸಿಟ್ಟು ಬಂತು.

ಮನೆಗೆ ಬಂದವಳೇ ಕಾಗದ ಬರೆಯಲು ಕೂತೆ. ಗುತ್ತಿಗೆದಾರರ ಬೆವರಿಳಿಸುವ ಕಾಗದ ಬರೆದೇ ನಾನು ಅನ್ನ ತಿನ್ನುವುದು. ಎರಡು ಪುಟ ಇಂಗ್ಲಿಷಿನಲ್ಲಿ, ಪಾರಾಗಳಿಗೆ ನಂಬರ್ ಹಾಕಿ, ರೆಸಾರ್ಟಿನ ದೊಡ್ಡ ಆಫೀಸಿಗೂ ಒಂದು ಪ್ರತಿ. ಆರನೇ ಪಾರಾದಲ್ಲಿ, ಸ್ಟ್ಯಾಂಡಿನ ಹತ್ತಿರ ಸದಾ ಓಡಾಡುವವರು ನಿಮ್ಮ ಸಿಬ್ಬಂದಿಯೇ ಎಂಬುದನ್ನು ಗಮನಕ್ಕೆ ತರುತ್ತೇನೆ ಎಂದು ಬರೆದೆ. ಯಾರನ್ನೂ ಕಳ್ಳ ಎನ್ನಲಿಲ್ಲ. ಓದಿದವರಿಗೆ ಬೇರೇನೂ ಹೊಳೆಯದ ಹಾಗೆ ಮಾತ್ರ ಬರೆದೆ. ಅದು ಕಸುಬಿನ ಕೈ.

ಎರಡೇ ದಿನದಲ್ಲಿ ಫೋನ್ ಬಂತು. ಸ್ಕೀ ಸಿಕ್ಕಿದೆ, ಕಳ್ಳನೂ ಸಿಕ್ಕಿದ್ದಾನೆ, ರೆಸಾರ್ಟಿನ ಕ್ಲೀನಿಂಗ್ ಗುತ್ತಿಗೆಯವರ ಆಳು, ನೀವು ಬಂದು ಗುರುತು ಹಿಡಿದು ಸಹಿ ಹಾಕಿದರೆ ಅವನನ್ನು ಊರಿಗೆ ಕಳಿಸಿ ಖಲಾಸ್ ಮಾಡುತ್ತೇವೆ ಎಂದರು. ನಾನು ಗೆದ್ದೆ ಎಂದು ಗಂಡನಿಗೆ ಹೇಳಿದೆ. ಶನಿವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋದೆ, ಅವಳಿಗೂ ಗೊತ್ತಾಗಲಿ, ಅಮ್ಮ ಬಿಡುವವಳಲ್ಲ ಎಂದು.

ಮ್ಯಾನೇಜರನ ಮೇಜಿನ ಮೇಲೆ ನಮ್ಮ ಸ್ಕೀ ಇತ್ತು. ಹಳದಿ ಟೇಪು ಹಾಗೇ ಇತ್ತು, ತುದಿಗೊಂದು ಮೊಳೆಯ ತೂತು ಹೊಸದು. ಪಕ್ಕದಲ್ಲಿ ಐವತ್ತೈದು ದಾಟಿದ ಒಬ್ಬ ಮನುಷ್ಯ, ನೀಲಿ ಯೂನಿಫಾರ್ಮಿನಲ್ಲಿ, ಕೈಕಟ್ಟಿ ನಿಂತಿದ್ದ. ನಾನು ಮಗಳಿಗೆ “ಬಾಗಿಲು ಹಾಕು” ಎಂದದ್ದನ್ನು ಕೇಳಿ ತಲೆ ಎತ್ತಿದ.

“ಅಕ್ಕ ಊರಿನವರಾ?” ಎಂದ. ಮಾತಿನ ಧಾಟಿಯಲ್ಲೇ ಗೊತ್ತಾಯಿತು, ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮ.

ಕಳ್ಳ ಎಂಬವನಿಗೆ ಅಲ್ಲಿಯವರೆಗೆ ಮುಖ ಇರಲಿಲ್ಲ, ಭಾಷೆಯಂತೂ ಇರಲೇ ಇಲ್ಲ. ಹೌದು ಎಂದೆ.

“ಹಾಗಾದ್ರೆ ನೀವೇ ಇವರಿಗೆ ಸ್ವಲ್ಪ ಹೇಳಿ ಅಕ್ಕ. ನಾನು ಕದ್ದದ್ದಲ್ಲ. ಡ್ರಮ್ಮಿಗೆ ಒರಗಿಸಿ ಇಟ್ಟಿತ್ತು, ಒಂದೇ ಒಂದು. ಎರಡಿದ್ರೆ ನಾನು ಮುಟ್ತಿರ್ಲಿಲ್ಲ. ಒಂದನ್ನು ಇಟ್ಕೊಂಡು ಯಾರು ಎಂತ ಮಾಡ್ತಾರೆ? ಬಿಸಾಡಿದ್ದು ಅಂತ ಗ್ರಹಿಸಿದೆ. ಗೇಟಿನ ಗಾರ್ಡನನ್ನೂ ಕೇಳಿದ್ದೇನೆ, ಕಚ್ರಾ ಅಲ್ವಾ, ತಕೊಂಡು ಹೋಗಿ ಅಂದ. ಹೆಗಲ ಮೇಲೆ ಇಟ್ಕೊಂಡೇ ಬಸ್ಸಿಗೆ ಹತ್ತಿದ್ದು. ಮುಐದರಿನಲ್ಲಿ ನಮ್ಮ ರೂಮಿನಲ್ಲಿ ಆರು ಜನ ಇದ್ದೇವೆ, ಸಾಮಾನಿಡ್ಲಿಕ್ಕೆ ಜಾಗ ಇಲ್ಲ. ಮಂಚದ ಮೇಲೆ ಗೋಡೆಗೆ ಹೊಡೆದು, ಮಾತ್ರೆ, ಕನ್ನಡಕ ಇಡ್ಲಿಕ್ಕೆ ಮಾಡಿದ್ದು.”

ಗೇಟಿನ ಕ್ಯಾಮೆರಾ, ಅದು ಮಾತ್ರ ರಿಪೇರಿಗೆ ಹೋಗಿರಲಿಲ್ಲ, ಅವನು ಹೆಗಲ ಮೇಲೆ ಹೊತ್ತುಕೊಂಡು ಹೋಗುವುದನ್ನೇ ತೋರಿಸಿತ್ತು. ಹಾಡುಹಗಲು, ಎಲ್ಲರೆದುರು. ಯಾವ ಕಳ್ಳ ಹಾಗೆ ಹೋಗುತ್ತಾನೆ ಎಂದು ಕೇಳುವಷ್ಟು ಬುದ್ಧಿ ಆ ರೂಮಿನಲ್ಲಿ ಯಾರಿಗೂ ಇರಲಿಲ್ಲ. ಗಾರ್ಡನನ್ನು ಕೇಳಿದರೆ ನನಗೆ ನೆನಪಿಲ್ಲ ಎಂದನಂತೆ. ಅವನಿಗೂ ಅವನ ಕೆಲಸ ಬೇಕು.

ಮ್ಯಾನೇಜರ್ ನನ್ನ ಎರಡು ಪುಟದ ಕಾಗದವನ್ನು ಎತ್ತಿ ಹಿಡಿದು, ಹಿಂದಿಯಲ್ಲಿ ಅವನಿಗೆ ಹೇಳಿದ: “ಮೇಡಂ ಸ್ಟ್ಯಾಂಡಿನಲ್ಲಿ ಇಟ್ಟೆ ಅಂತ ಬರೆದುಕೊಟ್ಟಿದ್ದಾರೆ. ಹಾಗಾದ್ರೆ ಮೇಡಂ ಸುಳ್ಳು ಹೇಳ್ತಾರಾ?”

ಆ ಮನುಷ್ಯ ನನ್ನನ್ನು ನೋಡಿದ. ಕೋಪದಿಂದ ನೋಡಿದ್ದರೆ ನಾನೂ ತಿರುಗಿ ನೋಡುತ್ತಿದ್ದೆ, ಅದು ನನಗೆ ಅಭ್ಯಾಸ. ಅವನು ನನ್ನ ಮೇಲೆ ನಂಬಿಕೆಯಿಟ್ಟು ನೋಡಿದ. “ಇಲ್ಲ ಸಾಬ್” ಎಂದ. “ಅವರು ಯಾಕೆ ಸುಳ್ಳು ಹೇಳ್ತಾರೆ? ನನಗೇ ಎಲ್ಲೋ ತಪ್ಪಿರ್ಬೇಕು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನು, ಆದರೆ ಮರದ ಬೊಂಬೆಯ ಹಾಗೆ ಕುಳಿತಿದ್ದೆ. ನನ್ನ ಆಫೀಸಿನ ಪೆನ್ನು ಕೈಯಲ್ಲಿತ್ತು. ಸಹಿ ಹಾಕಬೇಕಾದ ಜಾಗದಲ್ಲಿ ಮ್ಯಾನೇಜರ್ ಪೆನ್ಸಿಲಿನಿಂದ ಒಂದು ಗುರುತು ಮಾಡಿಟ್ಟಿದ್ದ.

ಆಗ ಮಗಳು ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು. ಮನೆಯಲ್ಲಿ ಕನ್ನಡ ಮಾತಾಡು ಎಂದು ನಾನು ದಿನಾ ಬೈದರೂ ಎರಡು ಪದಕ್ಕಿಂತ ಹೆಚ್ಚು ಆಡದವಳು, ಒಂದೊಂದೇ ಶಬ್ದ ಹುಡುಕಿಕೊಂಡು, ಪೂರಾ ಕನ್ನಡದಲ್ಲಿ ಹೇಳಿದಳು: “ಅಮ್ಮಾ, ನೀನು ಹೇಳ್ತೀಯಾ? ನಾನು ಹೇಳ್ಬೇಕಾ?”

ಮ್ಯಾನೇಜರನಿಗೆ ಅರ್ಥವಾಗಬಾರದು ಎಂದೇ ಅವಳು ಕನ್ನಡ ಆರಿಸಿದ್ದಳು. ನನ್ನ ಮಾನ ಉಳಿಸಲು ನೋಡಿದ್ದಳು. ಆದರೆ ಆ ಬ್ಯಾರಿಗೆ ಅರ್ಥವಾಯಿತು. ಅವನು ನೆಲ ನೋಡಿದ. ತಪ್ಪು ಮಾಡಿದವಳು ನಾನು, ನಾಚಿಕೆಯಿಂದ ತಲೆ ತಗ್ಗಿಸಿದವನು ಅವನು.

ಹೇಳಿದೆ. ಚಪ್ಪಲಿಯ ಕತೆ, ಅಮ್ಮನ ಕತೆ, ಡ್ರಮ್ಮು, ಬೋರ್ಡು, ಎಲ್ಲ ಹೇಳಿದೆ. ಮ್ಯಾನೇಜರ್ ನಗಲಿಲ್ಲ. ನಾನು ಹೆದರಿದ್ದು ಆ ನಗೆಗೆ, ಅದು ಬರಲೇ ಇಲ್ಲ. “ಬರೆದು ಕೊಡಿ” ಎಂದ, ಅಷ್ಟೇ. ಅಲ್ಲೇ ಮೂರು ಸಾಲು ಬರೆದು ಸಹಿ ಹಾಕಿದೆ.

ಇನ್ನು ಕೇಳಿ ಅನ್ಯಾಯವನ್ನು. ನನ್ನ ಎರಡು ಪುಟದ ಸುಳ್ಳು ಎರಡು ದಿನದಲ್ಲಿ ಇಡೀ ರೆಸಾರ್ಟನ್ನು ಎಬ್ಬಿಸಿ ಓಡಿಸಿತ್ತು. ಮೂರು ಸಾಲಿನ ನಿಜ ಮೂರು ವಾರ ಯಾರದೋ ಟ್ರೇಯಲ್ಲಿ ಮಲಗಿತು. ರೆಸಾರ್ಟಿನವರನ್ನು ಕೇಳಿದರೆ ಗುತ್ತಿಗೆಯವರಿಗೆ ಕಳಿಸಿದ್ದೇವೆ ಎಂದರು, ಗುತ್ತಿಗೆಯವರನ್ನು ಕೇಳಿದರೆ ರೆಸಾರ್ಟಿನಿಂದ ಬಂದಿಲ್ಲ ಎಂದರು. ಅಷ್ಟು ದಿನವೂ ಆ ಮನುಷ್ಯ ಡ್ಯೂಟಿ ಇಲ್ಲದೆ ರೂಮಿನಲ್ಲಿ ಕುಳಿತಿದ್ದ, ಇವತ್ತು ಟಿಕೆಟ್ ಬರುತ್ತದೋ ನಾಳೆ ಬರುತ್ತದೋ ಎಂದು. ಒಬ್ಬನನ್ನು ಕಳ್ಳ ಎನ್ನಲು ಅವಸರ, ಅಲ್ಲ ಎನ್ನಲು ಪುರುಸೊತ್ತಿಲ್ಲ! ಪೊರಕೆ ಹಿಡಿದವನಾದ್ದರಿಂದ ಅಲ್ಲವೇ ಇದು? ನಾನು ದಿನಾ ಊಟದ ಬಿಡುವಿನಲ್ಲಿ ಫೋನ್ ಮಾಡಿದೆ, ಕಿರುಚಿದೆ, ಒಮ್ಮೆ ಆಫೀಸಿಗೇ ಹೋಗಿ ಕುಳಿತೆ. “ಸಿಟ್ಟು ಇವತ್ತಾದ್ರೂ ಒಳ್ಳೇ ಕೆಲ್ಸಕ್ಕೆ ಬಂತಲ್ಲ ಮಾರಾಯ್ತಿ” ಎಂದರು ಗಂಡ. ನಗು ಬರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಮ್ಮ ನನಗೆ ಚಿಕ್ಕಂದಿನಿಂದ ಹೇಳುತ್ತಿದ್ದಳು. ಚಪ್ಪಲಿಯ ಪಾಠ ಕಲಿತೆ, ಇದನ್ನು ಕಲಿಯಲಿಲ್ಲ.

ಕೊನೆಗೆ ಅವನ ಕೆಲಸ ಉಳಿಯಿತು. ರೆಸಾರ್ಟಿಗೆ ಮಾತ್ರ ಬೇಡ ಎಂದರಂತೆ. ಅಲ್ ಗರಾಫಾದ ಒಂದು ಕಟ್ಟಡದ ಮೆಟ್ಟಿಲು ಗುಡಿಸಲು ಹಾಕಿದರು. ಸ್ಕೀ ನಮ್ಮ ಮನೆಗೆ ಬಂತು. ಮಗಳು ತೂತನ್ನು ಮುಚ್ಚಲು ಬಿಡಲಿಲ್ಲ. ತಂತಿಯ ಬೀಗವನ್ನು ಸೂಟ್‌ಕೇಸಿನಿಂದ ಅವಳೇ ಬಿಚ್ಚಿಕೊಂಡಳು.

ಆ ಬ್ಯಾರಿಯ ಮಂಚದ ಮೇಲಿನ ಗೋಡೆಗೆಂದು ಗಂಡ ಒಂದು ಒಳ್ಳೆಯ ಹಲಗೆ ತಂದು, ಉಜ್ಜಿ, ಕೆಳಗೆ ಎರಡು ಕಬ್ಬಿಣದ ಆಧಾರ ಕೂಡಿಸಿ ಕೊಟ್ಟರು. ಒಂದು ಶುಕ್ರವಾರ ಜುಮ್ಮಾ ನಮಾಜಿನ ಹೊತ್ತು ಕಳೆದ ಮೇಲೆ ನಾವು ಮೂವರೂ ಮುಐದರಿಗೆ ಹೋದೆವು. ರೂಮು ರೂಮಿಗೂ ಆಳುಗಳನ್ನು ತುಂಬಿಸಿದ್ದ ಒಂದು ಹಳೆಯ ವಿಲ್ಲಾದಿಂದ ಅವನು ಹೊರಗೆ ಬಂದ. ಬಿಳಿ ಲುಂಗಿ, ಇಸ್ತ್ರಿ ಮಾಡಿದ ಶರ್ಟು. ಮಗಳ ತಲೆ ಮುಟ್ಟಿ, ಅವರ ಭಾಷೆಯಲ್ಲಿ ಮಗಳೇ ಎಂದು ಕರೆದು, “ಮೋಳೆ, ಜಾರ್ಲಿಕ್ಕೆ ಹೋಗ್ತಾ ಇದ್ದೀಯಾ?” ಎಂದು ಕೇಳಿದ. ನಾನು ಮನೆಯಿಂದ ತಯಾರು ಮಾಡಿಕೊಂಡು ಹೋದ ಕ್ಷಮೆಯ ಮಾತೆಲ್ಲ ಅರ್ಧಕ್ಕೆ ನಿಂತಿತು.

“ಬಿಡಿ ಅಕ್ಕ, ಆದದ್ದು ಆಯ್ತು” ಎಂದ. ಆಮೇಲೆ, ದೂರಿನ ದನಿಯೇ ಇಲ್ಲದೆ, “ಒಂದೇ ವಿಷಯ, ಈಗ ರೂಮಿನಲ್ಲಿ ಎಂತ ಕಾಣದಿದ್ರೂ ಮೊದ್ಲು ನನ್ನನ್ನೇ ಕೇಳ್ತಾರೆ. ಮೊನ್ನೆ ಯಾರದ್ದೋ ಚಾರ್ಜರ್, ಅದಕ್ಕೂ ನನ್ನ ಪೆಟ್ಟಿಗೆ ತೆಗೆಸಿ ನೋಡಿದ್ರು” ಎಂದ.

ಗಂಡ ಕಾರಿನಿಂದ ಹಲಗೆ ಇಳಿಸಿದರು. ಅವನು ಅದನ್ನು ಮುಟ್ಟಿ, ನಯವಾಗಿದೆ ಎಂದು ಬೆರಳಿನಲ್ಲಿ ಸವರಿ ನೋಡಿದ. ಎತ್ತಿಕೊಳ್ಳಲಿಲ್ಲ. ಒಳಗೆ ಒಮ್ಮೆ ತಿರುಗಿ ನೋಡಿ, ನನ್ನ ಕಡೆ ಬಂದು ಮೆಲ್ಲಗೆ ಕೇಳಿದ:

“ಅಕ್ಕ, ಬೇಜಾರು ಮಾಡ್ಬೇಡಿ. ಇದು ನೀವು ಕೊಟ್ಟದ್ದು ಅಂತ ಒಂದು ಕಾಗದ ಬರೆದು ಕೊಡ್ತೀರಾ?”

ಕಾರಿನ ಬಾನೆಟ್ಟಿನ ಮೇಲೆ ಮಗಳ ನೋಟ್‌ಬುಕ್ಕಿನ ಹಾಳೆ ಇಟ್ಟು ಬರೆದೆ. ಬಿಸಿಲಿಗೆ ಬಾನೆಟ್ಟು ಸುಡುತ್ತಿತ್ತು, ಅಂಗೈ ಎತ್ತೆತ್ತಿ ಇಡಬೇಕಾಯಿತು. ಈ ಹಲಗೆಯನ್ನು ನಾನು ಇವರಿಗೆ ಕೊಟ್ಟಿದ್ದೇನೆ, ಇದು ಇವರದೇ ಎಂದು ಬರೆದು, ಹೆಸರು, ನಂಬರು, ಸಹಿ ಹಾಕಿದೆ. ಅವನು ಅದನ್ನು ಎರಡು ಸಲ ಓದಿಸಿಕೊಂಡ, ನಾಲ್ಕು ಮಡಿಕೆ ಮಾಡಿ ಐಡಿ ಕಾರ್ಡಿನ ಕವರಿನೊಳಗೆ ಇಟ್ಟ. ಆಮೇಲೆ ಹಲಗೆಯನ್ನು ಎತ್ತಿಕೊಂಡ. ಹೆಗಲ ಮೇಲೆ ಇಟ್ಟುಕೊಳ್ಳಲಿಲ್ಲ, ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಾರ್ಡನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದ.